ಇನ್ನೂರರಲ್ಲಿ ಒಂದು ಗಿಡ

ಹೊಳೆಯಾಚೆ ದೇವೀರವ್ವ ಒಬ್ಬಳೇ ಇದ್ದಳು. ರೇಷ್ಮೆಹುಳುವಿಗೆ ಒಳ್ಳೆಯ ಸೊಪ್ಪು ಕೊಡುವ ಹಿಪ್ಪುನೇರಳೆ ತಳಿಯನ್ನು ಹುಡುಕುವುದು ಅವಳ ಕೆಲಸ. ಅದನ್ನು ಕಲಿಯಲು ನಿಂಗಾಜಿ ಎಂಬ ಹುಡುಗಿ ಬಂದು ಅವಳ ಜೊತೆ ಸೇರಿ ನಾಲ್ಕು ವರ್ಷವಾಗಿತ್ತು.

ಕಡ್ಡಿ ನೆಟ್ಟರೆ ತಾಯಿಯಂಥದೇ ಗಿಡ ಬರುತ್ತದೆ. ಬೀಜ ಬಿತ್ತಿದರೆ ಒಂದೊಂದೂ ಬೇರೆ. ದೇವೀರವ್ವ ಬೀಜ ಬಿತ್ತಿ ಇನ್ನೂರು ಗಿಡ ಬೆಳೆಸಿದ್ದಳು. ಅದರಲ್ಲಿ ಉಳಿಸಿಕೊಳ್ಳುವುದು ಒಂದನ್ನೇ.

"ಯಾವುದು ಅವ್ವಾ?" ಎಂದು ನಿಂಗಾಜಿ ದಿನಾ ಕೇಳುತ್ತಿದ್ದಳು.

"ನೋಡ್ತಾ ಇರು."

"ನಾಲ್ಕು ವರ್ಷದಿಂದ ನೋಡ್ತಾನೇ ಇದೀನಿ. ಗಿಡಗಳಿಗೇ ನನ್ನ ನೋಡಿ ಬೇಜಾರಾಗಿರಬೇಕು."

"ಆಗಿರಬಹುದು. ಅವು ನಿನ್ನ ಹಾಗೆ ಬಾಯಿ ಬಿಟ್ಟು ಹೇಳಲ್ಲ."

ಆ ವರ್ಷ ದೇವೀರವ್ವನ ತಂಗಿ ತೀರಿಕೊಂಡಳು. ದೇವೀರವ್ವ ಹೊಳೆ ದಾಟಿ ಹೋದವಳು ಇಪ್ಪತ್ತು ದಿನ ಅಲ್ಲೇ ಉಳಿದಳು.

ಆ ಇಪ್ಪತ್ತು ದಿನಗಳಲ್ಲಿ ನಿಂಗಾಜಿ ತಾನೇ ಆರಿಸಿದಳು. ಒಂದು ಗಿಡದ ಎಲೆ ಅವಳ ಎರಡು ಅಂಗೈಯಗಲ ಇತ್ತು. ಅದರ ಹತ್ತಿರ ಬರುವಂಥದ್ದು ಬೇರೆ ಇರಲಿಲ್ಲ. ಮಿಕ್ಕವನ್ನೆಲ್ಲ ಕಡಿದಳು, ಬುಡ ಅಗೆದಳು, ಒಣಗಿದ ಹಾಗೆಲ್ಲ ಸುಟ್ಟಳು. ಅವ್ವ ಬಂದು ಬೆನ್ನು ತಟ್ಟುತ್ತಾಳೆಂದು ಕಾದಳು.

ದೇವೀರವ್ವ ಬಂದಳು. ಬಯಲಾದ ತೋಟವನ್ನು ನೋಡಿದಳು. ಮೂಲೆಯ ಕಲ್ಲುಗುಡ್ಡೆಗೆ ನಡೆದು ಹೋಗಿ, ಅಲ್ಲಿ ಗಿಡ ಅಗೆದು ಉಳಿದಿದ್ದ ಒಂದು ಗುಳಿಯ ಪಕ್ಕ ಕೂತಳು. ಹೊತ್ತು ಇಳಿಯುವವರೆಗೂ ಏಳಲಿಲ್ಲ.

"ಸರಿಯಾಗಿ ಆರಿಸಿದೀನಾ ಅವ್ವಾ?"

"ಅದರ ಕಡ್ಡಿ ಕತ್ತರಿಸಿ ತೋಟದ ತುಂಬ ನೆಡು."

ವರ್ಷ ಕಳೆಯಿತು. ಕಡ್ಡಿಗಳು ಚಿಗುರಿ ಗಿಡವಾದವು. ಎಲೆ ಮಾತ್ರ ಊರಿನ ಎಲ್ಲರ ತೋಟದ ಎಲೆಯಷ್ಟೇ.

"ಮಣ್ಣು ಕೆಟ್ಟಿದೆ ಅವ್ವಾ."

"ಹೌದಾ?"

"ಇಲ್ಲಾಂದ್ರೆ ನೆಟ್ಟ ತಿಂಗಳು ಸರಿ ಇರಲಿಲ್ಲ."

"ಇನ್ನೇನು?"

"ಇನ್ನೇನು, ನನ್ನ ಕೈಗುಣ ಅಂತೀಯಾ?"

ದೇವೀರವ್ವ ಎದ್ದು ಬಚ್ಚಲಿಗೆ ಹೋದಳು. ದಿನಾ ಮೀಯುವ ಕಲ್ಲಿನ ಮೇಲೆ ಒಂದು ಕೊಡ ನೀರನ್ನು ಸುರಿದಳು.

ನೀರು ಹುಲ್ಲಿನಡಿಯಲ್ಲಿ ಕಾಣದೆ ಹರಿಯಿತು. ಹರಿದು ಹೋಗಿ ನಿಂಗಾಜಿ ಆರಿಸಿದ ಗಿಡದ ಬುಡದಲ್ಲಿ ನಿಂತಿತು.

ನಿಂಗಾಜಿ ಬಗ್ಗಿ ಬುಡದ ಒದ್ದೆ ಮಣ್ಣನ್ನು ಮುಟ್ಟಿದಳು.

"ನಾನು ಗಿಡ ನೋಡಲೇ ಇಲ್ಲ," ಎಂದಳು. "ಅದು ಕುಡಿದ ನೀರನ್ನ ನೋಡಿದೆ."

ದೇವೀರವ್ವ ಕೊಡವನ್ನು ಬೋರಲು ಹಾಕಿದಳು.

"ನಿನ್ನ ಕಣ್ಣಿಗೆ ಬಿದ್ದಿದ್ದು ಯಾವುದು ಅವ್ವಾ?"

"ಕಲ್ಲುಗುಡ್ಡೆ ಮೇಲಿನದು. ಅಲ್ಲಿ ನೀರಿಲ್ಲ, ಗೊಬ್ಬರ ಇಲ್ಲ. ಆದರೂ ಕೊಯ್ದಷ್ಟೂ ಚಿಗುರೋದು. ಅದರ ಸೊಪ್ಪು ತಿಂದ ಹುಳು ಗಟ್ಟಿ ಗೂಡು ಕಟ್ಟೋದು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನನ್ನ ಮಾತು ಕಲೀತಿದ್ದೆ."

"ಬಂದ ದಿನಾನಾದ್ರೂ ಬೈಬಹುದಿತ್ತು."

"ಬೈದಿದ್ರೆ ಏನು ಮಾಡ್ತಿದ್ದೆ?"

ನಿಂಗಾಜಿ ಯೋಚಿಸಿದಳು. "ಮುನಿಸಿಕೊಂಡು ಹೊರಟುಹೋಗ್ತಿದ್ದೆ."

"ಅವತ್ತು ಆಗಲೇ ಒಬ್ಬಳನ್ನ ಕಳಕೊಂಡು ಬಂದಿದ್ದೆ."

ದೇವೀರವ್ವ ಒಳಗೆ ಹೋಗಿ ಒಂದು ಬಟ್ಟೆಗಂಟು ತಂದಳು. ಬಿಚ್ಚಿ ನಿಂಗಾಜಿಯ ಅಂಗೈಗೆ ಸುರಿದಳು. ಸಾಸಿವೆಗಿಂತ ಚಿಕ್ಕ ಹಿಪ್ಪುನೇರಳೆ ಬೀಜಗಳು.

"ಮತ್ತೆ ನಾಲ್ಕು ವರ್ಷವಾ?"

"ಐದೂ ಆಗಬಹುದು."

ನಿಂಗಾಜಿ ದೇವೀರವ್ವನ ಪೂರ್ತಿ ನೆರೆತ ತಲೆಯನ್ನು ನೋಡಿದಳು.

"ಅಷ್ಟು ಹೊತ್ತಿಗೆ ನೀನು ಇಲ್ಲದೆ ಹೋದ್ರೆ? ಸರಿಯೋ ತಪ್ಪೋ ಅಂತ ಯಾರನ್ನ ಕೇಳಲಿ?"

ದೇವೀರವ್ವ ಅವಳ ಬೆರಳುಗಳನ್ನು ಒಂದೊಂದಾಗಿ ಬೀಜದ ಮೇಲೆ ಮಡಿಸಿದಳು.

"ನಾನು ಬಿತ್ತುವಾಗಲೂ ಕೇಳೋಕೆ ಯಾರೂ ಇರಲಿಲ್ಲ."