ಬೆರಳಿಗೆ ಸುತ್ತಿದ ಬಟ್ಟೆ

ಹಳ್ಳದ ಆಚೆ ದಡದಲ್ಲಿ ಒಂದೇ ಒಂದು ಮನೆ. ಅದರಲ್ಲಿ ಹೊಂಬಾಳಮ್ಮ ಮತ್ತು ಅವಳ ಮಗ ಬೋರ. ಮಳೆ ಹಿಡಿದರೆ ಹಳ್ಳ ಎದೆಮಟ್ಟ. ಆಮೇಲೆ ಮನೆಗೆ ಒಂದು ನರಪಿಳ್ಳೆಯೂ ಬರದು, ಹೊಂಬಾಳಮ್ಮನಿಗೆ ಮಾತಿಗೆ ಬೋರ ಒಬ್ಬನೇ. ಬೋರನೋ, ಹಾಲು ನೋಡ್ಕೊ ಅಂದರೆ ಅದು ಉಕ್ಕಿ ಒಲೆ ಆರುವ ತನಕ ನೋಡುತ್ತಲೇ ಕೂರುವವನು.

ಒಂದು ಸೇತುವೆ ಆದರೆ ಯಾರಾದರೂ ಬಂದು ಹೋಗಿಯಾರು ಎಂಬುದೊಂದೇ ಅವಳ ಆಸೆ.

ಚುನಾವಣೆ ಬಂತು. ಬೇಸಿಗೆ, ಹಳ್ಳ ಒಣಗಿತ್ತು. ಅಭ್ಯರ್ಥಿಯ ಜೀಪು ಬಾಗಿಲಿಗೇ ಬಂತು. ಅವನು ಮಜ್ಜಿಗೆ ಕುಡಿದು, ತಾನು ಈ ಮನೆಯ ಮಗನೇ, ಗೆದ್ದರೆ ಮೊದಲು ಸೇತುವೆ ಎಂದು ಹೇಳಿ ಹೋದ. ತಾಯಿ ಮಗ ಇಬ್ಬರೂ ಓಟು ಹಾಕಿದರು. ಅವನು ಗೆದ್ದ.

"ಬೆರಳ ಮೇಲೆ ಈ ಗುರುತು ಇರೋಗಂಟ ಅವ್ನು ನಿನ್ ಮಾತು ಕೇಳ್ಬೇಕು ಕಣ್ಲಾ" ಅಂದಳು ಹೊಂಬಾಳಮ್ಮ.

ಬೋರ ಬೆರಳಿಗೆ ಬಟ್ಟೆ ಸುತ್ತಿದ. ನೀರು ಸೋಕಿಸಲಿಲ್ಲ, ಉಗುರು ಕತ್ತರಿಸಲಿಲ್ಲ.

ಮಳೆಗಾಲ ಬಂತು, ಸೇತುವೆ ಬರಲಿಲ್ಲ. ನಮ್ಮನೆ ಮಗ ಅಂದವನ ಮನೆ ನಮ್ಮದೇ, ಧೈರ್ಯವಾಗಿ ಹೋಗಿ ಕೇಳು ಎಂದು ಕಳಿಸಿದಳು. ಬೋರ ನೇರ ಶಾಸಕನ ಅಡುಗೆಮನೆಗೆ ಹೋಗಿ ತಟ್ಟೆ ಹಾಕಿಕೊಂಡು ಕೂತ. ಆಳುಗಳು ರಟ್ಟೆ ಹಿಡಿದು ಹೊರಗೆ ದಬ್ಬಿದರು.

"ದಡ್ಡ ಮುಂಡೇದೇ, ಗೇಟಲ್ಲಿ ಕೈಮುಗಿದು ನಿಂತ್ಕೊ. ಅವ್ರು ಮಾತಾಡ್ಸೋಗಂಟ ಬಾಯಿ ಬಿಡ್ಬೇಡ" ಎಂದು ಹೊಂಬಾಳಮ್ಮ ಮನೆಗೆ ಬಂದವನಿಗೆ ಬೈದಳು.

ಮುಂದಿನ ಸಲ ಹಾಗೇ ನಿಂತ. ಶಾಸಕ ಕಾರಿನಿಂದಲೇ ತಿರುಗಿ ಕೈಮುಗಿದು ಹೋದ. ಬೋರ ಹೊತ್ತು ಮುಳುಗುವ ತನಕ ಕೈಮುಗಿದೇ ನಿಂತಿದ್ದ.

ಹೊಂಬಾಳಮ್ಮ ಮತ್ತೆ ಬೈದಳು, ಸುಸ್ತಾದಳು. "ಇನ್ನು ಬಾಯಲ್ಲಿ ಕೇಳೋದು ಮುಗೀತು. ಮುಂದಿನ ಓಟಲ್ಲಿ ಬೆರಳಲ್ಲೇ ಕೇಳ್ಬೇಕು. ಅಲ್ಲೀಗಂಟ ಬೆರಳು ಜೋಪಾನ."

ಬೋರ ಇನ್ನೊಂದು ಸುತ್ತು ಬಟ್ಟೆ ಬಿಗಿದ.

ಐದು ವರ್ಷ ಕಳೆಯಿತು. ಈ ಸಲ ಮಳೆ ಮೊದಲೇ ಬಿದ್ದು ಹಳ್ಳ ತುಂಬಿತ್ತು. ಯಾವ ಜೀಪೂ ಬಾಗಿಲಿಗೆ ಬರಲಿಲ್ಲ. ಹೊಂಬಾಳಮ್ಮ ಮಗನ ಕೈ ಹಿಡಿದು ಹಳ್ಳ ದಾಟಿ ಓಟಿಗೆ ಹೋದಳು. ಹಳೆಯವನಿಗೆ ಬೇಡ, ಇನ್ನೊಬ್ಬನಿಗೆ ಹಾಕು ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟಳು.

ಮತಗಟ್ಟೆಯ ಅಧಿಕಾರಿ ಬಟ್ಟೆ ಬಿಚ್ಚಿಸಿದರು. ಉಗುರು ಟಗರಿನ ಕೊಂಬಿನ ಹಾಗೆ ಸುರುಳಿಯಾಗಿತ್ತು. ತುದಿಯಲ್ಲಿ ಕಪ್ಪು ಗುರುತು.

"ನೀನಾಗ್ಲೇ ಓಟು ಹಾಕಿದ್ದೀಯಲ್ಲಯ್ಯ."

"ಹೂಂ ಸಾಮಿ, ಹೋದ್ ಸಲದ್ದು. ನಾನು ಜೋಪಾನವಾಗಿ ಮಡಗಿವ್ನಿ. ಆ ಗೆದ್ದೋರು ಮಡಗಿಲ್ವಾ?"

ಸಾಲಿನಲ್ಲಿದ್ದವರು ನಕ್ಕರು. ಹೊಂಬಾಳಮ್ಮ ಗೋಗರೆದರೂ ಅಧಿಕಾರಿ ಒಪ್ಪಲಿಲ್ಲ. ಅವಳು ತನ್ನ ಒಂದು ಓಟು ಹಾಕಿ ಹೊರಗೆ ಬಂದಳು.

ಹಳ್ಳದ ಹತ್ತಿರ ಬೋರ ತನ್ನ ಬೆರಳಿನ ಬಟ್ಟೆಯಲ್ಲಿ ಅರ್ಧ ಹರಿದು ಅವಳ ಬೆರಳಿಗೂ ಸುತ್ತಿದ. ಬಿಚ್ಚೋ ಅಂದರೂ ಬಿಡಲಿಲ್ಲ. ನೀರಿಗಿಳಿದ ಮೇಲೆ ತನ್ನ ಕೈಯನ್ನೂ ಅವಳ ಕೈಯನ್ನೂ ಮೇಲೆತ್ತಿ ಹಿಡಿದ.

"ನೆನೀಬಾರ್ದು ಕಣವ್ವ."

ಹಿಂದೆ ದಡದ ಮೇಲೆ ಶಾಸಕನ ಜೀಪು ಬಂದು ನಿಂತಿತು. ಎದೆಮಟ್ಟ ನೀರಿನಲ್ಲಿ ಕೈ ಎತ್ತಿಕೊಂಡು ಹೋಗುತ್ತಿದ್ದ ಇಬ್ಬರನ್ನು ಅವನು ನೋಡಿದ. ತನಗೇ ಕೈ ಬೀಸುತ್ತಿದ್ದಾರೆ ಅಂದುಕೊಂಡು, ಜೀಪಿನಲ್ಲಿ ಎದ್ದು ನಿಂತು ತಾನೂ ಕೈ ಬೀಸಿದ.