ಎದ್ದು ನಿಂತ ನೇಕಾರ

"ಗುರುಗಳೇ, ಭಯ ಪೂರ್ತಿ ಹೋದ ಮೇಲೆ ಹೊಳೆಗೆ ಇಳಿಯುತ್ತೇನೆ. ಅದು ಹೋಗುವುದು ಯಾವಾಗ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ನಲವತ್ತು ದಾಟಿದ ಮೇಲೆ ಮಠಕ್ಕೆ ಬಂದ ಶಿಷ್ಯ. ಮಠದ ಕಲ್ಯಾಣಿಯಲ್ಲಿ ಈಜು ಕಲಿತಿದ್ದ. ಹೊಳೆಯಲ್ಲಿ ಮಾತ್ರ ಮೊಣಕಾಲುದ್ದದ ನೀರು ದಾಟಿರಲಿಲ್ಲ. ಚೊಂಬಿನಲ್ಲೇ ಸ್ನಾನ ಮುಗಿಸಿ ಎಲ್ಲರಿಗಿಂತ ಮೊದಲು ದಡ ಹತ್ತುತ್ತಿದ್ದ. ಗುರುಗಳು ಅವನನ್ನು ಹೊಳೆಯ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ, ಕೈಗೆಟುಕುವಷ್ಟು ಲೋಕದಲ್ಲಿ ಮೂವತ್ತು ವರ್ಷ ಮಗ್ಗ ನಡೆಸಿದವನು. ಯಾರಾದರೂ ಹಿಂದೇಟು ಹಾಕಿದರೆ, "ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು" ಎಂದು ಬುದ್ಧಿ ಹೇಳುವವನು ಅವನೇ. ತಾನು ಮಾತ್ರ ಕೆರೆಯ ನೀರಿಗೆ ಪಾದ ಸೋಕಿಸಿದವನಲ್ಲ.

ಅವನ ಮಗಳನ್ನು ಕೆರೆಯಾಚೆಯ ಊರಿಗೆ ಕೊಟ್ಟಿದ್ದರು. ದೊಡ್ಡ ಕೆರೆ, ಆ ಊರಿನ ಮೂರು ಕಡೆ ಕಡಿದಾದ ಗುಡ್ಡ, ಹರಿಗೋಲಿನ ಹೊರತು ದಾರಿಯಿಲ್ಲ. ಬಾಣಂತನ ಮುಗಿಸಿದ ಮಗಳನ್ನೂ ಐದು ತಿಂಗಳ ಮೊಮ್ಮಗಳನ್ನೂ ಗಂಡನ ಮನೆಗೆ ಬಿಟ್ಟುಬರಲು ನೇಕಾರ ಹೊರಟ. ನಡುನೀರಿನಲ್ಲಿ ಗಾಳಿ ಬೀಸಿತು. ಹರಿಗೋಲು ಸ್ವಲ್ಪ ತೂಗಿತು, ಅಷ್ಟೆ. ನೇಕಾರನಿಗೆ ಜೀವ ಬಾಯಿಗೆ ಬಂತು. ದಡಕ್ಕನೆ ಎದ್ದು ನಿಂತ. ಹರಿಗೋಲು ವಾಲಿತು, ಮಗು ತಾಯಿಯ ಕೈಯಿಂದ ಜಾರಿ ನೀರಿಗೆ ಬಿತ್ತು. ಅಂಬಿಗ ಬಗ್ಗಿ, ಸುತ್ತಿದ ಬಟ್ಟೆಯ ಚುಂಗು ಹಿಡಿದು ಎತ್ತಿದ. ಮಗು ಅತ್ತಿತು. ಅಷ್ಟು ಸಿಹಿಯಾದ ಅಳುವನ್ನು ಆ ಮೂವರೂ ಹಿಂದೆ ಕೇಳಿರಲಿಲ್ಲ.

ಅಂಬಿಗ ಹರಿಗೋಲನ್ನು ಅಲ್ಲಿಂದಲೇ ತಿರುಗಿಸಿ ನೇಕಾರನನ್ನು ಮೊದಲು ಈಚೆ ದಡಕ್ಕೆ ಇಳಿಸಿದ.

"ಈಜು ಬರದವ್ರನ್ನ ದಿನಾ ದಾಟಿಸ್ತೀನಿ, ಯಜಮಾನ್ರೇ. ಎದ್ದು ನಿಲ್ಲೋವ್ರನ್ನ ದಾಟಿಸಲ್ಲ. ನಡುವೆ ಬಂಡೆ ಕಾಣ್ತದಲ್ಲ, ಅಲ್ಲೀಗಂಟ ಈಜಿ ತೋರಿಸಿ. ಆಮೇಲೆ ಹತ್ತಿ," ಎಂದ.

ಆಮೇಲೆ ತಾಯಿ ಮಗುವನ್ನು ಆಚೆ ದಡಕ್ಕೆ ಮುಟ್ಟಿಸಿದ. ಮಗುವನ್ನೆತ್ತಿಕೊಂಡು ತವರಿಗೆಂದು ಮತ್ತೆ ನೀರು ದಾಟಲು ಮಗಳು ಒಪ್ಪಲಿಲ್ಲ. ಮಗುವಿಗೆ ಹಲ್ಲು ಬಂತಂತೆ, ಹೊಸಿಲು ದಾಟಿತಂತೆ ಎಂಬ ಸುದ್ದಿ ಮಾತ್ರ ಹರಿಗೋಲಿನಲ್ಲಿ ಬರುತ್ತಿತ್ತು. ನೇಕಾರ ಮೊಮ್ಮಗಳಿಗೆಂದು ಒಂದು ಲಂಗದ ಬಟ್ಟೆ ನೇಯ್ದ. ಅದು ಮಡಿಸಿದಲ್ಲೇ ಉಳಿಯಿತು. 

ಕೊನೆಗೆ ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಊರ ಬಾವಿಗೆ ಇಳಿದ. ಐವತ್ತರ ಮನುಷ್ಯ ಕಪ್ಪೆಯಂತೆ ಕಾಲು ಬಡಿಯುವುದನ್ನು ನೋಡಿ ಊರು ನಕ್ಕಿತು. ನಗುವವರಿಗೇನು, ಅವರ ಮೊಮ್ಮಕ್ಕಳು ಅವರ ತೊಡೆಯ ಮೇಲಿದ್ದರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬುರುಡೆ ಬಿಚ್ಚಿದ. ಬಾವಿಯನ್ನು ಹತ್ತು ಸುತ್ತು ಸುತ್ತುವಷ್ಟಾದ. ದಣಿದರೆ ಕೈಗೆ ಗೋಡೆ ಸಿಗುತ್ತಿತ್ತು.

ಅಲ್ಲಿಂದ ಕೆರೆಗೆ ಹೋದ. ಅಂಬಿಗ ಹರಿಗೋಲಿನಲ್ಲಿ ಪಕ್ಕದಲ್ಲೇ ಬಂದ. ಇಪ್ಪತ್ತು ಸಲ ಕೈ ಬೀಸಿದ ಮೇಲೆ ನೇಕಾರ ಮುಂದೆ ನೋಡಿದ, ಗೋಡೆ ಇರಲಿಲ್ಲ. ಎದೆ ಝಲ್ಲೆಂದಿತು. ಅವನ ಕಾಲು ತಾನಾಗಿ ಕೆಳಗಿಳಿದು ಮಗ್ಗದ ಹಲಗೆ ಹುಡುಕಿತು. ಹಲಗೆಯೂ ಇಲ್ಲ, ನೆಲವೂ ಇಲ್ಲ. ಮೈ ನೆಟ್ಟಗಾಯಿತು, ಮುಳುಗಿತು. ಅಂಬಿಗ ಜುಟ್ಟು ಹಿಡಿದು ಎತ್ತಿದ. ಮರುದಿನವೂ ಹೀಗೇ ಆಯಿತು. ಮೂರನೆಯ ದಿನವೂ ಹೀಗೇ.

ನೇಕಾರ ದಡದಲ್ಲಿ ಕುಳಿತು ಅತ್ತುಬಿಟ್ಟ. "ಈ ಹೆದರಿಕೆ ಹೋಗ್ಲಿ, ಅಂಬಿಗಣ್ಣ. ಆಮೇಲೆ ಬರ್ತೀನಿ," ಎಂದ.

"ಅದು ಹೋಗ್ಲಿ ಅಂತ ಕಾಯ್ತಾ ಕೂತ್ರೆ ಮೊಮ್ಮಗಳ ಮದುವೆ ಊಟಕ್ಕೂ ನೀವು ಹೋಗಲ್ಲ. ನೀವು ನೀರಲ್ಲೂ ಎದ್ದೇ ನಿಲ್ತೀರಿ, ಅದೇ ಬಂದಿರೋ ಕಷ್ಟ. ನಾಳೆ ಹೆದರಿಕೆ ಆದ ಕಡೆ ಈಜೋದು ಬಿಟ್ಟು ಅಂಗಾತ ಮಲಗಿ. ಕಾಲು ಮೇಲಕ್ಕೆ ಬರ್ಲಿ," ಎಂದ ಅಂಬಿಗ.

ಮರುದಿನ ಭಯ, ಹೇಳಿ ಕಳಿಸಿದಂತೆ, ಅದೇ ಜಾಗಕ್ಕೆ ಬಂತು. ನೇಕಾರ ಅಂಗಾತ ಮಲಗಿದ. ಕಿವಿ ನೀರಿನಲ್ಲಿ ಮುಳುಗಿತು, ಊರಿನ ಸದ್ದು ನಿಂತಿತು. ಮೂಗು ಮೇಲಿತ್ತು. ಉಸಿರು ಬಂತು, ಹೋಯಿತು. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಆದರೆ ಯಾರೂ ಅವನನ್ನು ಹಿಡಿದಿರಲಿಲ್ಲ, ಅವನೂ ಏನನ್ನೂ ಹಿಡಿದಿರಲಿಲ್ಲ, ಆದರೂ ಮುಳುಗಲಿಲ್ಲ. ಹೋದ ಜೀವ ಬಂದಂತಾಯಿತು. ಮಲಗಿದಲ್ಲೇ ನಗು ಬಂತು. ಬಾಯಿಗೆ ನೀರು ಹೋಯಿತು, ಉಗಿದ, ಮತ್ತೆ ನಕ್ಕ.

ಈಜುತ್ತ, ಹೆದರಿಕೆಯಾದಲ್ಲಿ ಮಲಗುತ್ತ, ಮತ್ತೆ ಮೈ ತಿರುಗಿಸಿ ಈಜುತ್ತ ಅವನು ಬಂಡೆ ಮುಟ್ಟಿದ. ಅಂಬಿಗ ಹರಿಗೋಲನ್ನು ಬಂಡೆಗೆ ತಂದು ಅವನನ್ನು ಹತ್ತಿಸಿಕೊಂಡ.

ಮಾರನೆಯ ಬೆಳಿಗ್ಗೆ ನೇಕಾರ ಲಂಗದ ಬಟ್ಟೆಯನ್ನು ಎದೆಗವಚಿಕೊಂಡು ಹರಿಗೋಲಿನಲ್ಲಿ ಕುಳಿತ. ನಡುನೀರಿನಲ್ಲಿ ಗಾಳಿ ಬೀಸಿತು. ಹರಿಗೋಲು ತೂಗಿತು. ನೇಕಾರ ಕುಳಿತೇ ಇದ್ದ. ಆಚೆ ದಡದಲ್ಲಿ ಮಗಳು ನಿಂತಿದ್ದಳು. ಅವಳ ಸೆರಗು ಹಿಡಿದು ಮೊಮ್ಮಗಳೂ ನಿಂತಿದ್ದಳು. ತಾತನ ಗುರುತು ಸಿಗದೆ ತಾಯಿಯ ಹಿಂದೆ ಅವಿತುಕೊಂಡಳು. ಅವಿತುಕೊಂಡರೇನು, ಕಣ್ಣಳತೆಯಲ್ಲಿದ್ದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಯ್ಯ ನಿಟ್ಟುಸಿರು ಬಿಟ್ಟು, "ಅಂತೂ ನೇಕಾರನ ಭಯ ಹೋಯಿತು ಅನ್ನಿ," ಎಂದ.

"ಇಲ್ಲಪ್ಪ, ಅದೂ ಅವನ ಪಕ್ಕದಲ್ಲೇ ಕುಳಿತು ಆಚೆ ದಡ ಸೇರಿತು, ಎದ್ದು ನಿಲ್ಲಲಿಲ್ಲ, ಅಷ್ಟೆ," ಎಂದರು ಗುರುಗಳು.

ಮರುಳಯ್ಯ ಕೈಯಲ್ಲಿದ್ದ ಚೊಂಬನ್ನು ಮೆಟ್ಟಿಲ ಮೇಲಿಟ್ಟ.