ದಣಿ ಮುಂದೆ, ಆಳು ಹಿಂದೆ

ಅಮೆರಿಕದ ಪಶ್ಚಿಮ ಗಡಿಯಲ್ಲಿ ಗಿಡಿಯನ್ ಅಂತ ಒಬ್ಬ ಕರಿಯ ಪೊಲೀಸಿನವನಿದ್ದ. ಕೊಲೆ ಮಾಡಿದ್ದ ಜಮೀನ್ದಾರ ಹಾರ್ಲನ್ ಹೊಳೆದಂಡೆಯಲ್ಲಿ ಒಬ್ಬನೇ ಅವನ ಕೈಗೆ ಸಿಕ್ಕಿಬಿದ್ದ. ಆದರೆ ಪೇಟೆಯ ದಾರಿಯುದ್ದಕ್ಕೂ ದಣಿಯ ಬಂದೂಕಿನ ಬಂಟರು! ಗಿಡಿಯನ್‌ನ ಕುದುರೆಯೂ ನಿಂತಲ್ಲಿ ನಿಲ್ಲದೆ ನೆಲ ಕೆರೆಯುತ್ತಿತ್ತು.

"ಕರಿಯನ ಹಿಂದೆ ನಾನು ಬರೋದೇ? ಪ್ರಾಣ ಹೋದರೂ ಇಲ್ಲ!" ಹಾರ್ಲನ್ ಗುಡುಗಿದ.

"ಅಯ್ಯೋ, ಉಂಟೇ ದಣಿ! ನೀವು ಮುಂದೆ ನಡೀರಿ" ಎಂದ ಗಿಡಿಯನ್, ಎದೆಯ ಪೊಲೀಸ್ ಬಿಲ್ಲೆ ಬಿಚ್ಚಿ ಜೇಬಿಗಿಳಿಸಿದ. ಕೋಟಿನ ಮರೆಯಿಂದ ಪಿಸ್ತೂಲು ದಣಿಯ ಬೆನ್ನನ್ನೇ ನೋಡುತ್ತಿತ್ತು.

ದಣಿ ಮುಂದೆ, ಕರಿಯ ಹಿಂದೆ. ಬಂಟರು ಹುಟ್ಟಿದಾಗಿನಿಂದ ಕಂಡದ್ದೇ ಅದು. ಒಬ್ಬನೂ ಬಂದೂಕು ಎತ್ತಲಿಲ್ಲ. ಟೋಪಿ ಎತ್ತಿ ದಾರಿ ಬಿಟ್ಟರು. ಹಾರ್ಲನ್ ಹಲ್ಲು ಕಡಿದ.

ಪೇಟೆಯಲ್ಲಿ ಗಿಡಿಯನ್ ಬಿಲ್ಲೆ ಸಿಕ್ಕಿಸಿಕೊಂಡು, ಜೈಲಿನ ಬಾಗಿಲು ತೆರೆದು ಪಕ್ಕಕ್ಕೆ ಸರಿದ.

"ಇಲ್ಲೂ ತಾವೇ ಮೊದಲು, ದಣಿ."